ಪೆಟ್ಟು ಬೀಳುವ ಮೊದಲು ಆ ಮನೆಗೆ ಯಾರು ಹೋಗಿದ್ದರು?

ಮಗುವಿಗೆ ಬರೆ ಹಾಕಿದ ಸುದ್ದಿ ಬಂದರೆ ಸಾಕು, ನಮ್ಮ ಕಾಸರಗೋಡಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಮಾತು: "ಅವಳೂ ಒಬ್ಬಳು ತಾಯಿಯಾ? ರಾಕ್ಷಸಿ!" ನನಗೂ ಸಿಟ್ಟು ಬರುತ್ತದೆ. ಆದರೆ ಹಾಗೆ ಬೈದು ಮುಗಿಸಿದರೆ, ಆ ಮನೆ ಬೇರೆ, ನಮ್ಮ ಮನೆ ಬೇರೆ ಎಂಬ ಸಮಾಧಾನ ನಮಗೆ ಸಿಗುತ್ತದೆ, ಅಷ್ಟೆ. ಇನ್ನೊಂದು ಮನೆಯಲ್ಲಿ ನಾಳೆ ಪೆಟ್ಟು ತಿನ್ನಲಿರುವ ಮಗುವಿಗೆ ಅದರಿಂದ ಏನೂ ಆಗುವುದಿಲ್ಲ.

ಕೇಂದ್ರ ಸರಕಾರ 2007ರಲ್ಲಿ ಹೊರತಂದ ಅಧ್ಯಯನದಲ್ಲಿ ಕೇರಳವೂ ಸೇರಿ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದ್ದರು. ಮೂರರಲ್ಲಿ ಇಬ್ಬರು ಮಕ್ಕಳು ಪೆಟ್ಟು ತಿಂದವರು. ಮನೆಯೊಳಗೆ ಪೆಟ್ಟು ತಿಂದವರಲ್ಲಿ ಶೇ. 88.6 ಮಕ್ಕಳಿಗೆ ಹೊಡೆದದ್ದು ಹೆತ್ತವರೇ. ಇಷ್ಟೊಂದು ರಾಕ್ಷಸರು ಎಲ್ಲಿಂದ ಬಂದರು?

ಕುಡಿತ, ಸಾಲ, ಗಂಡ ಹೆಂಡಿರ ಜಗಳ, ಹೆರಿಗೆಯ ನಂತರ ಯಾರೂ ಗಮನಿಸದೆ ಬಿಟ್ಟ ಖಿನ್ನತೆ, ತಾವೇ ಪೆಟ್ಟು ತಿಂದು ಬೆಳೆದ ಬಾಲ್ಯ: ಮಕ್ಕಳ ಮೇಲಿನ ಕ್ರೌರ್ಯಕ್ಕೆ ದಾರಿ ಮಾಡಿಕೊಡುವ ಸಂಗತಿಗಳೆಂದು ಬಲ್ಲವರು ಹೇಳುವುದು ಇವನ್ನೇ. ಇವುಗಳಲ್ಲಿ ಯಾವುದೋ ಒಂದು ಇದ್ದ ಮಾತ್ರಕ್ಕೆ ಯಾರೂ ಮಗುವಿಗೆ ಬರೆ ಹಾಕುವುದಿಲ್ಲ. ಬಡತನದಲ್ಲೂ ಮಕ್ಕಳ ಮೇಲೆ ಕೈ ಮಾಡದೆ ಸಾಕಿದ ಎಷ್ಟೋ ತಾಯಂದಿರು ನಮ್ಮ ಬೈಲಿನಲ್ಲಿದ್ದಾರೆ. ಒಂದರ ಮೇಲೊಂದು ಬಂದು ಬೀಳುವಾಗ, "ಅಕ್ಕಾ, ಒಂದು ಗಳಿಗೆ ಮಗುವನ್ನು ನೋಡಿಕೊಳ್ಳಿ" ಎನ್ನಲು ಒಬ್ಬರೂ ಇಲ್ಲದಿದ್ದರೆ ಕೈ ಮೇಲೇಳುತ್ತದೆ. ನನ್ನ ಮಟ್ಟಿಗೆ ಈ ಒಂಟಿತನವೇ ಎಲ್ಲಕ್ಕಿಂತ ದೊಡ್ಡ ಅಪಾಯ.

ನಮ್ಮ ಕಡೆಯ ಇಂಥ ಒಂದು ಮನೆಯನ್ನು ಊಹಿಸಿಕೊಳ್ಳಿ. ಗಂಡ ಗಲ್ಫಿನಲ್ಲಿ. ಹೊಸ ಮನೆ, ಸುತ್ತ ಎತ್ತರದ ಕಂಪೌಂಡು. ಒಳಗೆ ಹಾಸಿಗೆ ಹಿಡಿದ ಅತ್ತೆ, ರಾತ್ರಿಯಿಡೀ ಅಳುವ ಕೂಸು, ಮನೆಸಾಲದ ಕಂತು. ದಿನಕ್ಕೊಮ್ಮೆ ವೀಡಿಯೋ ಕಾಲಿನಲ್ಲಿ ನಗುಮುಖ ತೋರಿಸಲೇಬೇಕು. ಹಿಂದಿನ ಕೂಡುಕುಟುಂಬವೇ ಒಳ್ಳೆಯದಿತ್ತು ಎಂದು ನಾನು ಹೇಳುತ್ತಿಲ್ಲ. ಅದೇ ಅಧ್ಯಯನದ ಪ್ರಕಾರ, ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಗೊತ್ತಿದ್ದವರು, ಮಗು ನಂಬಿದ್ದವರು. ತುಂಬಿದ ಮನೆಯಲ್ಲೂ ಮಗು ಒಂಟಿಯಾಗಿರಬಹುದು.

ಎಣ್ಮಕಜೆ, ಬೆಳ್ಳೂರು, ಮುಳಿಯಾರು ಕಡೆಯ ಮನೆಗಳನ್ನು ಬಿಟ್ಟು ಈ ಮಾತು ಪೂರ್ತಿಯಾಗದು. ಸರಕಾರಿ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಇಲ್ಲಿ ಆ ಸಿಂಪಡಣೆ ಮೊದಲೇ ನಿಂತಿದ್ದರೂ, ಸುಪ್ರೀಂ ಕೋರ್ಟು ದೇಶದಾದ್ಯಂತ ಆ ಕೀಟನಾಶಕವನ್ನು ತಡೆದದ್ದು 2011ರಲ್ಲಿ. ಅಷ್ಟರಲ್ಲಿ ಹಾಸಿಗೆಯಿಂದ ಏಳಲಾರದ, ಮಾತು ಬಾರದ ಮಕ್ಕಳು ಆ ಊರುಗಳಲ್ಲಿ ಬೆಳೆಯುತ್ತಿದ್ದರು. ಅಂಗವೈಕಲ್ಯವಿರುವ ಮಕ್ಕಳು ಹಿಂಸೆಗೆ ಒಳಗಾಗುವ ಸಂಭವ ಉಳಿದ ಮಕ್ಕಳಿಗಿಂತ ಮೂರು ಪಟ್ಟಿಗೂ ಹೆಚ್ಚು ಎಂದು ಜಾಗತಿಕ ಅಧ್ಯಯನಗಳು ತೋರಿಸಿವೆ. ಹಗಲೂ ರಾತ್ರಿಯೂ ಆ ಮಗುವನ್ನು ಎತ್ತಿ ಮಲಗಿಸುವ ತಾಯಿಗೆ ಪರಿಹಾರದ ಹಣ ಬೇಕೇ ಬೇಕು. ಅದರ ಜೊತೆಗೆ ಬಿಡುವೂ ಬೇಕು. ಇಂಥ ಮಕ್ಕಳಿಗೆಂದೇ ಇರುವ ಪಂಚಾಯತಿನ ಬಡ್ಸ್ ಶಾಲೆಗೆ ಮಗು ಹೋದ ದಿನ ಅವಳಿಗೆ ಅಡ್ಡಾಗಲು ಒಂದಿಷ್ಟು ಹೊತ್ತು ಸಿಗುತ್ತದೆ. ಅಲ್ಲಿಗೆ ವ್ಯಾನು ಬಾರದ ದಿನ ಅದೂ ಇಲ್ಲ. ಆ ವ್ಯಾನು ತಪ್ಪದೆ ಬರುವಂತೆ ಮಾಡುವುದೂ ಮಕ್ಕಳ ರಕ್ಷಣೆಯ ಕೆಲಸವೇ.

ಇನ್ನು ಭಾಷೆಯ ಮಾತು. ಕನ್ನಡ ಮಾಧ್ಯಮ ಶಾಲೆಗೆ ಕನ್ನಡ ಬಾರದ ಅಧ್ಯಾಪಕರು ಬಂದರೆ ನಾವು ಬೀದಿಗಿಳಿಯುತ್ತೇವೆ, ಇಳಿಯಲೇಬೇಕು. ಆದರೆ ಶಾಲೆಗೆ ಬರುವ ಕೌನ್ಸೆಲರಿಗೆ ಕನ್ನಡವೋ ತುಳುವೋ ಗೊತ್ತಿದೆಯೇ ಎಂದು ಎಷ್ಟು ಮಂದಿ ಕೇಳಿದ್ದೇವೆ? ಗಣಿತದ ಪಾಠವನ್ನಾದರೂ ಮಗು ಹೇಗೋ ಕಷ್ಟಪಟ್ಟು ಕಲಿತೀತು. ತನ್ನ ಚಿಕ್ಕಪ್ಪ ಏನು ಮಾಡಿದ ಎಂಬುದನ್ನು ಅರೆಬರೆ ಬರುವ ಮಲಯಾಳದಲ್ಲಿ ಅಪರಿಚಿತರ ಎದುರು ಹೇಗೆ ಹೇಳೀತು? ಅಂಥ ಮಗು ಸುಮ್ಮನೆ ತಲೆ ತಗ್ಗಿಸಿ ಕೂತರೆ "ಏನೂ ತೊಂದರೆ ಇಲ್ಲ" ಎಂದು ಬರೆದುಕೊಂಡು ಹೋಗುವುದು ಸುಲಭ. ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಮನೆಮಾತು ಬಲ್ಲ ಕೌನ್ಸೆಲರುಗಳು ಬೇಕು ಎನ್ನುವುದು ಭಾಷಾಭಿಮಾನದ ಪ್ರಶ್ನೆಯಷ್ಟೇ ಅಲ್ಲ.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಎಂದು ಪೆಟ್ಟಿಗೆ ಗಾದೆಯ ಬೆಂಬಲ ಕೊಡುವವರಿಗೆ ಒಂದು ಮಾತು: ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯಿದೆಯೇ ನಿಷೇಧಿಸಿದೆ. ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಿದ್ದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೋ ಕಾಯಿದೆಯಂತೆ ಪ್ರತಿಯೊಬ್ಬರ ಕರ್ತವ್ಯ. "ಅವರ ಮನೆಯ ವಿಷಯ, ನಮಗ್ಯಾಕೆ" ಎಂದು ತಪ್ಪಿಸಿಕೊಳ್ಳುವಂತಿಲ್ಲ. ಸಂಶಯ ಬಂದಾಗ ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಫೋನ್ ಮಾಡಬಹುದು.

ಆದರೆ ಫೋನ್ ಮಾಡಬೇಕಾದ ಹಂತಕ್ಕೆ ಬರುವ ಮೊದಲೇ ಆ ಮನೆಯೊಳಗೆ ಹೋಗಬಲ್ಲವರು ನಮ್ಮಲ್ಲಿದ್ದಾರೆ: ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ, ಕುಟುಂಬಶ್ರೀ ಎಂಬ ಮಹಿಳಾ ಸ್ವಸಹಾಯ ಸಂಘದಲ್ಲಿರುವ ನೆರೆಮನೆಯವರು. ಯಾವ ಮನೆಯ ಬಾಣಂತಿ ಮಾತು ಬಿಟ್ಟಿದ್ದಾಳೆ, ಯಾವ ಮಗು ಅಂಗನವಾಡಿಗೆ ಬರುವುದು ನಿಲ್ಲಿಸಿದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಅದನ್ನು ಹೇಳಬೇಕಾದ ಜಾಗ, ಹೆಂಗಸರು ಮಕ್ಕಳ ರಕ್ಷಣೆಗೆಂದು ವಾರ್ಡಿನಲ್ಲಿ ಇರಬೇಕಾದ ಜಾಗ್ರತಾ ಸಮಿತಿ. ಅದು ಕಾಗದದ ಮೇಲಷ್ಟೇ ಉಳಿದರೆ ಅವರಾದರೂ ಯಾರಿಗೆ ಹೇಳಬೇಕು? ಮುಂದಿನ ಗ್ರಾಮಸಭೆಯಲ್ಲಿ ನಾನು ಇದನ್ನೇ ಕೇಳುವವಳಿದ್ದೇನೆ. ನಿಮ್ಮ ವಾರ್ಡಿನಲ್ಲಿ ಆ ಸಮಿತಿ ಕೊನೆಯದಾಗಿ ಸೇರಿದ್ದು ಯಾವಾಗ, ಅದರಲ್ಲಿ ಕನ್ನಡ ಬಲ್ಲವರು ಇದ್ದಾರೋ ಇಲ್ಲವೋ, ಮೆಂಬರರನ್ನು ಕೇಳಿ ಇಲ್ಲಿ ಬರೆಯಿರಿ.