ಸಿನಿಮಾದ ಹೆಂಗಸಿಗೂ ಸಿಟ್ಟು ಬರಬಾರದಂತೆ

ನಮ್ಮ ಮನೆಯ ಗಂಡಸರಿಗೆ ಸೇಡಿನ ಸಿನಿಮಾ ಅಂದರೆ ಪ್ರಾಣ. ನಾಯಕನ ತಂಗಿಯನ್ನೋ ಹೆಂಡತಿಯನ್ನೋ ಯಾರಾದರೂ ಕೆಣಕಬೇಕು, ಅವನು ಮಚ್ಚು ಎತ್ತಬೇಕು, ಆಮೇಲೆ ಸಾಲು ಸಾಲು ಹೆಣ ಬೀಳಬೇಕು. ಎಷ್ಟು ಬಿದ್ದರೂ ಯಾರಿಗೂ ಅತಿ ಅನ್ನಿಸುವುದಿಲ್ಲ. ತಟ್ಟೆಯಲ್ಲಿದ್ದ ಪಂದಿ ಕರಿ ಆರಿಹೋದರೂ ಗೊತ್ತಾಗದಷ್ಟು ಮೈಮರೆತು ನೋಡುತ್ತಾರೆ.

ಮೊನ್ನೆ ರಜೆಯ ದಿನ ನಾನೊಂದು ಸಿನಿಮಾ ಹಾಕಿದೆ. ಅದೂ ಸೇಡಿನದ್ದೇ, ಆದರೆ ಸೇಡು ಹೆಂಗಸಿನದು. ಅರ್ಧ ಆಗುವಷ್ಟರಲ್ಲಿ ಭಾವನ ಮುಖ ಗಂಟು. "ಎಂತ ಇದು, ಇವರ ಲೆಕ್ಕದಲ್ಲಿ ಗಂಡಸರೆಲ್ಲ ಕೆಟ್ಟವರಾ? ಯಾವ ಹೆಂಗಸು ಹೀಗೆಲ್ಲ ಮಾಡ್ತಾಳೆ? ಓವರ್ ಆಯ್ತು" ಅಂತ ಎದ್ದು ಹೋದರು. ಅಣ್ಣನೂ ಹಿಂದೆಯೇ ಎದ್ದ. ಅಮ್ಮ ನನ್ನ ಕಡೆ ತಿರುಗಿ, "ನಿಂಗೆ ಹಾಕ್ಲಿಕ್ಕೆ ಬೇರೆ ಯಾವ್ದೂ ಸಿಕ್ಲಿಲ್ವಾ?" ಅಂದರು. ಆವತ್ತಿನಿಂದ ನನ್ನ ತಲೆ ಕಾದಿದೆ.

ಸಿನಿಮಾದ ಹೆಸರು 'ಪ್ರಾಮಿಸಿಂಗ್ ಯಂಗ್ ವುಮನ್'. 2020ರದ್ದು. ಎಮರಾಲ್ಡ್ ಫೆನೆಲ್ ಅನ್ನುವವಳು ಬರೆದು ನಿರ್ದೇಶಿಸಿದ್ದು, 2021ರಲ್ಲಿ ಅದರ ಚಿತ್ರಕಥೆಗೆ ಆಸ್ಕರ್ ಬಂತು. ಕ್ಯಾಸಿ ಎಂಬ ಹುಡುಗಿ ಮೆಡಿಕಲ್ ಓದುತ್ತಿದ್ದವಳು. ಅವಳ ಜೀವದ ಗೆಳತಿಯ ಮೇಲೆ ಕಾಲೇಜಿನಲ್ಲೇ ಅತ್ಯಾಚಾರ ಆಗುತ್ತದೆ. ಗೆಳತಿ ಉಳಿಯುವುದಿಲ್ಲ. ಇವಳು ಓದು ಬಿಟ್ಟು ಕಾಫಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ರಾತ್ರಿ ಬಾರಿಗೆ ಹೋಗಿ, ಕುಡಿದು ಕಾಲ ಮೇಲೆ ನಿಲ್ಲಲಾಗದವಳ ಹಾಗೆ ನಟಿಸುತ್ತಾಳೆ. ಯಾವನೋ ಒಬ್ಬ ಮರ್ಯಾದಸ್ಥ, "ಮನೆಗೆ ಬಿಡ್ತೇನೆ" ಅಂತ ಬಂದು, ತನ್ನ ಮನೆಗೇ ಕರೆದುಕೊಂಡು ಹೋಗಿ ಬಟ್ಟೆಗೆ ಕೈ ಹಾಕುತ್ತಾನೆ. ಆಗ ಇವಳು ನೆಟ್ಟಗೆ ಎದ್ದು ಕೂತು, ಒಂದಿಷ್ಟೂ ತೊದಲದೆ ಕೇಳುತ್ತಾಳೆ: "ಏನು ಮಾಡ್ತಾ ಇದ್ದೀಯ?"

ಅಷ್ಟೇ ಮಾರಾಯ್ರೆ. ಚೂರಿ ಇಲ್ಲ, ಕೋವಿ ಇಲ್ಲ. ಅವಳು ಎಚ್ಚರವಾಗಿದ್ದಾಳೆ ಅಂತ ತಿಳಿದ ಕೂಡಲೇ ಆ ಗಂಡಸಿನ ಮುಖ ಬಿಳಚಿಕೊಳ್ಳುತ್ತದಲ್ಲ, ನೋಡುವವರಿಗೆ ನಗು ಬರುವುದೂ ಅಲ್ಲೇ, ಎದೆ ಹಿಂಡುವುದೂ ಅಲ್ಲೇ. ನಮ್ಮ ಭಾವನಿಗೆ ಓವರ್ ಅನ್ನಿಸಿದ್ದು ಈ ಒಂದು ಪ್ರಶ್ನೆ. ಹತ್ತಾರು ಜನರ ತಲೆ ಕಡಿದ ನಾಯಕನಿಗೆ ಶಿಳ್ಳೆ ಹೊಡೆದವರಿಗೆ, ಹೆಂಗಸೊಬ್ಬಳು ಬಾಯಿ ಬಿಟ್ಟು ಕೇಳಿದ್ದು ತಡೆಯಲಾಗಲಿಲ್ಲ.

ಅದರಲ್ಲಿ ಕಾಲೇಜಿನ ಡೀನ್ ಒಬ್ಬಳು ಬರುತ್ತಾಳೆ. ಅವಳೂ ಹೆಂಗಸೇ. ದೂರು ಬಂದಾಗಲೆಲ್ಲ ಹುಡುಗರ ಬಾಳು ಹಾಳು ಮಾಡಲಿಕ್ಕಾಗುತ್ತದಾ ಅನ್ನುತ್ತಾಳೆ. ಆಗ ಕ್ಯಾಸಿ ತಣ್ಣಗೆ ಒಂದು ಸುಳ್ಳು ಹೇಳುತ್ತಾಳೆ: ನಿಮ್ಮ ಮಗಳನ್ನು, ನನ್ನ ಗೆಳತಿಗೆ ಹಾಗಾದ ಅದೇ ಹಾಸ್ಟೆಲಿನ ಅದೇ ಕೋಣೆಯಲ್ಲಿ, ಕುಡಿದ ಹುಡುಗರ ಜೊತೆ ಬಿಟ್ಟು ಬಂದಿದ್ದೇನೆ ಅಂತ. ಮಗಳಿಗೆ ಏನೂ ಆಗಿಲ್ಲ, ಅವಳು ಹೋಟೆಲಿನಲ್ಲಿ ಕೂತಿದ್ದಾಳೆ. ಆದರೆ ಅಲ್ಲಿವರೆಗೆ ಆ ಗೆಳತಿಯ ದೂರು ನೆನಪೇ ಇಲ್ಲ ಅನ್ನುತ್ತಿದ್ದ ಡೀನ್, ಮಗಳು ಎಲ್ಲಿ ಅಂತ ಗೋಗರೆಯುತ್ತಾಳೆ. ನನಗೆ ಇಡೀ ಸಿನಿಮಾದಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಬೇಕು ಅನ್ನಿಸಿದ್ದು ಅಲ್ಲಿ. ಭಾವ ಅಷ್ಟರಲ್ಲಿ ಎದ್ದು ಹೋಗಿ ಆಗಿತ್ತು.

"ಯಾವ ಹೆಂಗಸು ಹೀಗೆಲ್ಲ ಮಾಡ್ತಾಳೆ" ಅಂತ ಕೇಳಿದರಲ್ಲ, ಯಾಕೆ ಮಾಡ್ತಾಳೆ ಅಂತ ನಾನು ಹೇಳ್ತೇನೆ.

ನಾನು ದಿನಾ ವಿರಾಜಪೇಟೆ ಕಡೆಯಿಂದ ಮಡಿಕೇರಿಗೆ ಕೆಲಸಕ್ಕೆ ಬರುವವಳು. ಈ ಮಳೆಗಾಲದಲ್ಲಿ ಬಸ್ಸು ಹೇಗಿರುತ್ತದೆ ಅಂತ ಈ ಊರಿನವರಿಗೆ ಗೊತ್ತು. ಕಿಟಕಿ ಎಲ್ಲ ಮುಚ್ಚಿ, ಗಾಜಿಗೆ ಹಬೆ ಹಿಡಿದು, ಕಾಲಡಿಯಲ್ಲಿ ಕೊಡೆಗಳ ನೀರು ಹರಿಯುತ್ತಾ ಇರುತ್ತದೆ. ಒಂದು ದಿನ ನಾನು ಕಿಟಕಿ ಪಕ್ಕ ಕೂತಿದ್ದೆ. ಬೇತ್ರಿ ಸೇತುವೆ ದಾಟಿ ಸ್ವಲ್ಪ ಹೊತ್ತಿಗೆ, ಸೀಟಿಗೂ ಬಸ್ಸಿನ ಗೋಡೆಗೂ ನಡುವೆ ಒಂದು ಸಂದು ಇರುತ್ತದಲ್ಲ, ಅದರೊಳಗಿಂದ ಹಿಂದಿನ ಸೀಟಿನವನ ಬೆರಳು ಬಂತು. ಮೊದಲು ಬ್ಯಾಗು ತಾಗಿದ ಹಾಗೆ. ನಾನು ಸರಿದು ಕೂತೆ. ಅದೂ ಸರಿಯಿತು. ಬಸ್ಸಿನಲ್ಲಿ ಓಡಾಡುವ ಹೆಂಗಸರಿಗೆ ಈ ಬೆರಳು ಗೊತ್ತು, ವಿವರಿಸಬೇಕಾಗಿಲ್ಲ.

ನಾನು ಆ ಕೈಯನ್ನು ಮಣಿಕಟ್ಟಿಗೆ ಹಿಡಿದು ಎಳೆದು ಸೀಟಿನ ಮೇಲಕ್ಕೆ ಎತ್ತಿದೆ. ವಾಚು ಕಟ್ಟಿದ ಕೈ, ಬೆರಳಲ್ಲಿ ಚಿನ್ನದ ಉಂಗುರ. "ಇದು ಯಾರ ಕೈ?" ಅಂತ ಇಡೀ ಬಸ್ಸಿಗೆ ಕೇಳುವ ಹಾಗೆ ಕಿರುಚಿದೆ. "ನಿದ್ದೆ ಬಂದಿತ್ತು, ಗೊತ್ತಾಗ್ಲಿಲ್ಲ" ಅಂದ. ಕಂಡಕ್ಟರ್ ಬಂದ. ಬಂದು ಹೇಳಿದ್ದೇನು ಗೊತ್ತಾ? "ಅಕ್ಕ, ನೀವು ಮುಂದೆ ಡ್ರೈವರ್ ಹಿಂದಿನ ಸೀಟಿಗೆ ಬನ್ನಿ."

ನಾನು ಏಳಬೇಕು! ಒದ್ದೆ ಕೊಡೆ, ಬುತ್ತಿ ಚೀಲ ಎಲ್ಲ ಹಿಡಿದುಕೊಂಡು ತಿರುವಿನಲ್ಲಿ ತೂರಾಡುತ್ತಾ, ತಪ್ಪು ಮಾಡಿದವಳ ಹಾಗೆ ಎಲ್ಲರ ಮುಂದೆ ನಾನು ನಡೆಯಬೇಕು. ಅವನು ಕೂತಲ್ಲೇ ಕೂತಿದ್ದ. ಟಿಕೆಟ್ ತೆಗೆಯದವನನ್ನು ಮಳೆಯಲ್ಲೇ ದಾರಿ ಮಧ್ಯೆ ಇಳಿಸುವ ಕಂಡಕ್ಟರಿಗೆ ಇವನನ್ನು ಇಳಿಸಲಿಕ್ಕೆ ಬಾಯಿ ಬರಲಿಲ್ಲ. ಹಿಂದೆ ಕಾಲೇಜು ಹುಡುಗರು ಕಿಸಿಕಿಸಿ ನಗುತ್ತಿದ್ದರು. ನನ್ನ ಅಮ್ಮನ ವಯಸ್ಸಿನ ಒಬ್ಬರು ಕಿವಿಯ ಹತ್ತಿರ ಬಗ್ಗಿ, "ಬಿಡು ಮಗಾ, ಅವನಿಗೂ ಹೆಂಡ್ತಿ ಮಕ್ಕಳು ಉಂಟು" ಅಂದರು. ಅಲ್ಲಾ, ಅವನ ಹೆಂಡತಿ ಮಕ್ಕಳನ್ನು ನಾನು ಯಾಕೆ ಕಾಯಬೇಕು? ಕೈ ಹಾಕುವಾಗ ಅವನಿಗೆ ಅವರ ನೆನಪಾಗಲಿಲ್ಲವಲ್ಲ!

ಇದೇ ಕೊಡಗಿನಲ್ಲಿ ಸೆಪ್ಟೆಂಬರ್ 3ರ ಕೈಲ್ ಮುಹೂರ್ತಕ್ಕೆ, ಅಂದರೆ ನಮ್ಮ ಆಯುಧ ಪೂಜೆಯ ಹಬ್ಬಕ್ಕೆ, ಕೋವಿಗೆ ತೋಕ್ ಪೂ ಅನ್ನುವ ಹೂವು ಸಿಕ್ಕಿಸಿ ಪೂಜೆ ಮಾಡುತ್ತೇವೆ. ಕೊಡವರಿಗೂ, ಜಮ್ಮಾ ಅನ್ನುವ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್ ಬೇಡ, ಆ ವಿನಾಯಿತಿಯನ್ನು 2029ರವರೆಗೆ ಮುಂದುವರಿಸಿದ್ದಾರೆ. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಹೆಂಗಸರೂ ನಿಲ್ಲುತ್ತಾರೆ, ಕಾಯಿ ಚೂರು ಮಾಡಿ ಬಹುಮಾನ ತರುತ್ತಾರೆ. ಸೀರೆ ಉಟ್ಟು ಕೋವಿ ಹಿಡಿದ ಹೆಣ್ಣಿನ ಫೋಟೋ ಎಲ್ಲರ ಸ್ಟೇಟಸ್ಸಿನಲ್ಲೂ ಇರುತ್ತದೆ, ವೀರವನಿತೆ ಅಂತ ಬರೆದುಕೊಂಡಿರುತ್ತಾರೆ. ತೆಂಗಿನಕಾಯಿಗೆ ಗುರಿ ಇಟ್ಟರೆ ವೀರವನಿತೆ, ಬಸ್ಸಿನಲ್ಲಿ ಒಬ್ಬನ ಕೈ ಹಿಡಿದರೆ ಬಾಯಿಬಡುಕಿ. ನನಗೆ ಹೊಟ್ಟೆ ಉರಿಯುವುದು ಇದಕ್ಕೆ.

ಇದು ಇಂದಿನ ರೋಗವೂ ಅಲ್ಲ. ಸಂಪಾಜೆ ಕಡೆ ಕೀಚಕ ವಧೆಯ ಯಕ್ಷಗಾನದ ಆಟ ಇದ್ದರೆ ಗಂಡಸರು ಬೆಳಗಿನವರೆಗೆ ಕೂರುತ್ತಾರೆ. ಸೀರೆ ಉಟ್ಟ ಭೀಮ ಕತ್ತಲಲ್ಲಿ ಕಾದು ಕೂತು ಕೀಚಕನನ್ನು ಹಿಸುಕುವಾಗ ಬಿದ್ದು ಬಿದ್ದು ನಗುತ್ತಾರೆ. ಅದಕ್ಕೆ ಮೊದಲು ಏನಾಯಿತು ಅಂತ ಯಾರಿಗೆ ನೆನಪುಂಟು? ತುಂಬಿದ ಸಭೆಯಲ್ಲಿ ಕೀಚಕ ದ್ರೌಪದಿಯನ್ನು ಒದೆಯುತ್ತಾನೆ. ಅವಳು ನ್ಯಾಯ ಕೇಳಿದರೆ, ಕಂಕನ ವೇಷದಲ್ಲಿ ಕೂತಿದ್ದ ಧರ್ಮರಾಯನೇ ವ್ಯಾಸಭಾರತದಲ್ಲಿ ಅನ್ನುತ್ತಾನೆ: ನಿನಗೆ ಹೊತ್ತುಗೊತ್ತು ತಿಳಿಯುವುದಿಲ್ಲ, ನಟಿಯ ಹಾಗೆ ಓಡಾಡುತ್ತೀ, ರಾಜಸಭೆಯ ಜೂಜಿಗೆ ಅಡ್ಡಿ ಮಾಡುತ್ತೀ. ಗುಟ್ಟು ಬಯಲಾಗಬಾರದು ಅಂತ ಹೇಳಿದ್ದಂತೆ, ಇರಲಿ. ಆದರೆ ಆ ಮಾತು ಬಿದ್ದದ್ದು ಒದೆ ತಿಂದವಳ ಮೇಲೆ. ಅದೇ ರಾತ್ರಿ ಅವಳು ಅಡುಗೆಮನೆಗೆ ಹೋಗಿ ಭೀಮನನ್ನು ಎಬ್ಬಿಸಿದಳು. ಸಭೆಯಲ್ಲಿ ಒಬ್ಬನಾದರೂ ಕೀಚಕನನ್ನು ಹಿಡಿದು ನಿಲ್ಲಿಸಿದ್ದರೆ ಅವಳು ಆ ಕತ್ತಲಲ್ಲಿ ಅಲ್ಲಿಗೆ ಯಾಕೆ ಹೋಗುತ್ತಿದ್ದಳು? ಕ್ಯಾಸಿಯ ಗೆಳತಿಯ ದೂರನ್ನು ಆ ಡೀನ್ ಕೇಳಿದ್ದರೆ ಕ್ಯಾಸಿ ಬಾರಿಗೆ ಯಾಕೆ ಹೋಗುತ್ತಿದ್ದಳು? ಹೇಳಿದಾಗ ಕಿವಿ ಮುಚ್ಚಿಕೊಂಡವರೇ, ಆಮೇಲೆ ಸೇಡು ಅತಿಯಾಯಿತು ಅಂತ ಮುಖ ತಿರುಗಿಸುತ್ತಾರೆ.

ನನಗೆ ಭೀಮ ಬೇಡ. ಯಾರ ಪ್ರಾಣವೂ ಬೇಡ. ಆ ದಿನ ಬಸ್ಸು ನಿಲ್ಲಿಸಿ ಅವನನ್ನು ಕೆಳಗೆ ಇಳಿಸಿದ್ದರೆ ಸಾಕಿತ್ತು. ಕಾನೂನಿನ ಕೊರತೆ ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಮಿನಲ್ಲಿ ಇಂಥ ಕೈಗೆ 3 ವರ್ಷದವರೆಗೆ ಜೈಲು ಉಂಟು. ಮಾನಭಂಗದ ಉದ್ದೇಶದಿಂದ ಮೈಮೇಲೆ ಬಿದ್ದರೆ 74ನೇ ಕಲಮಿನಲ್ಲಿ ಕನಿಷ್ಠ 1 ವರ್ಷ, ಹೆಚ್ಚೆಂದರೆ 5 ವರ್ಷ. ಆದರೆ ಸಾಕ್ಷಿ ಹೇಳುವವರು ಯಾರು? ಬಸ್ಸು ತುಂಬ ಜನ ನೋಡಿದ್ದರು, ಮಡಿಕೇರಿಯಲ್ಲಿ ಇಳಿದು ಕೊಡೆ ಬಿಡಿಸಿಕೊಂಡು ಎಲ್ಲರೂ ಅವರವರ ದಾರಿ ಹಿಡಿದರು.

ಬಸ್ಸಿನ ಮಾಲೀಕರಿಗೆ ಬರೆದುಕೊಟ್ಟಿದ್ದೇನೆ, ಉತ್ತರ ಇಲ್ಲ. ಆ ಮನುಷ್ಯ ಈಗಲೂ ಅದೇ ಬಸ್ಸಿಗೆ ಹತ್ತುತ್ತಾನೆ, ನಾನು ನೋಡುತ್ತೇನೆ, ಅವನೂ ನೋಡುತ್ತಾನೆ. ಬೇತ್ರಿ, ಮೂರ್ನಾಡು ಕಡೆಯಿಂದ ಬೆಳಿಗ್ಗೆ ಬರುವ ಅಕ್ಕ ತಂಗಿಯರೇ, ಆ ಸೀಟಿನ ಸಂದಿನ ಕೈ ನಿಮಗೂ ತಾಗಿದ್ದರೆ ನನಗೆ ಹೇಳಿ. ಠಾಣೆಗೆ ಒಟ್ಟಿಗೆ ಹೋಗೋಣ. ಕೆಲಸಕ್ಕೆ ಅರ್ಧ ದಿನ ರಜೆ ಹಾಕಲಿಕ್ಕೆ ನಾನು ತಯಾರಿದ್ದೇನೆ.