ದೇಶ ದೊಡ್ಡದು, ಮದುವೆ ಕಾಣಿಸಲ್ಲ

ಮಹಾರಾಷ್ಟ್ರದ ಗಡಿಯಲ್ಲಿರುವ ನಮ್ಮ ಜತ್ ತಾಲೂಕಿನ ಯಾವುದಾದರೂ ಹಳ್ಳಿಗೆ ಹೋಗಿ ಎಮ್ಮೆಯ ಕಿವಿ ನೋಡಿ. ಹಳದಿ ಬಿಲ್ಲೆ, ಅದರ ಮೇಲೆ 12 ಅಂಕಿಯ ನಂಬರ್. ಯಾವ ತಳಿ, ಯಾವ ಲಸಿಕೆ, ಒಡೆಯ ಯಾರು, ಎಲ್ಲ ಸರ್ಕಾರದ ಕಂಪ್ಯೂಟರಿನಲ್ಲಿದೆ. ಎಮ್ಮೆಗೆ ಓದು ಬರಹ ಬರಲ್ಲ ಅನ್ನುವುದು ಯಾರಿಗೂ ಅಡ್ಡಿಯಾಗಲಿಲ್ಲ.

ಮದುವೆಯ ವಿಷಯ ಬಂದಾಗ ಮಾತ್ರ ನಮ್ಮ ದೇಶ ಇದ್ದಕ್ಕಿದ್ದ ಹಾಗೆ ಭಾರೀ ದೊಡ್ಡದಾಗಿಬಿಡುತ್ತದೆ. ಹೆಣ್ಣುಮಕ್ಕಳ ಮೇಲಿನ ತಾರತಮ್ಯ ತೊಲಗಿಸಬೇಕು ಅಂತ ವಿಶ್ವಸಂಸ್ಥೆ 1979ರಲ್ಲಿ ಒಂದು ಒಪ್ಪಂದ ಮಾಡಿತು. ಬಾಲ್ಯವಿವಾಹಕ್ಕೆ ಕಾನೂನಿನ ಬೆಲೆ ಇರಬಾರದು, ಪ್ರತಿ ಮದುವೆಯೂ ಸರ್ಕಾರಿ ಪುಸ್ತಕದಲ್ಲಿ ದಾಖಲಾಗಬೇಕು ಎನ್ನುತ್ತದೆ ಅದರ 16ನೇ ವಿಧಿ. 1993ರಲ್ಲಿ ಭಾರತ ಒಪ್ಪಿತು. ಒಪ್ಪುತ್ತಲೇ ಒಂದು ಚೀಟಿ ಅಂಟಿಸಿತು: ತತ್ವಕ್ಕೆ ನಮ್ಮ ಪೂರ್ತಿ ಬೆಂಬಲ, ಆದರೆ ಇಷ್ಟು ದೊಡ್ಡ ದೇಶ, ಇಷ್ಟೊಂದು ಪದ್ಧತಿ, ಧರ್ಮ, ಸಾಕ್ಷರತೆ ಬೇರೆ ಅಷ್ಟಕ್ಕಷ್ಟೇ, ಕಡ್ಡಾಯ ನೋಂದಣಿ ಆಗದ ಮಾತು.

ಎರಡನೇ ಚೀಟಿ ಇನ್ನೂ ಸೊಗಸು. ಯಾವ ಸಮುದಾಯದ ಖಾಸಗಿ ವಿಷಯದಲ್ಲೂ, ಅವರಾಗಿ ಮುಂದೆ ಬಂದು ಒಪ್ಪದೆ, ಕೈಹಾಕುವುದಿಲ್ಲವಂತೆ. ಒಪ್ಪಬೇಕಾದವರು ಯಾರು? ಚಾವಡಿ ಕಟ್ಟೆಯ ಮೇಲೆ ಎಲೆ ಅಡಿಕೆ ಮೆಲ್ಲುತ್ತಾ ಕೂತಿರುತ್ತಾರಲ್ಲ, ಅವರೇ. ಹುಡುಗಿಯನ್ನು ಕೇಳುವ ಪದ್ಧತಿ ಅಲ್ಲಿಲ್ಲ. ಅವಳು ಸಮುದಾಯ ಅಲ್ಲ, ಸಮುದಾಯದ ಖಾಸಗಿ ವಿಷಯ.

ಮಹಾರಾಷ್ಟ್ರ 1998ರಲ್ಲಿ ನೋಂದಣಿ ಕಾಯ್ದೆ ಮಾಡಿತು. ಎಲ್ಲ ಮದುವೆಗೂ ನೋಂದಣಿ ಕಡ್ಡಾಯ ಅಂತ 2006ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಚೀಟಿ ಮಾತ್ರ ಅಂಟಿಕೊಂಡೇ ಇದೆ. (ನಮ್ಮ ಕಡೆ ಮದುವೆ ಕನ್ನಡದಲ್ಲಿ, ಫಾರಂ ಮರಾಠಿಯಲ್ಲಿ. ಆ ಗೋಳು ಇನ್ನೊಮ್ಮೆ.)

ಹಾಗಂತ ಇಲ್ಲಿ ಮದುವೆಯ ಲೆಕ್ಕ ಇಡುವವರೇ ಇಲ್ಲ ಅಂದುಕೊಳ್ಳಬೇಡಿ. ಕಬ್ಬು ಕಡಿಯುವ ಗ್ಯಾಂಗಿನ ಮುಕಾದಮ, ಅಂದರೆ ಕೂಲಿಯಾಳು ಒದಗಿಸುವ ಗುತ್ತಿಗೆದಾರ, ಇದ್ದಾನೆ. ಗಂಡ ಹೆಂಡತಿ ಸೇರಿದರೆ ಅವನ ಲೆಕ್ಕದಲ್ಲಿ ಒಂದು ಕೊಯ್ತಾ, ಅಂದರೆ ಒಂದು ಕುಡುಗೋಲು; ಒಬ್ಬನೇ ಬಂದರೆ ಅರ್ಧ. ಸೀಸನ್ನಿಗೆ ಮುಂಚೆ ಜೋಡಿಗೆ ಇಷ್ಟು ಅಂತ ಮುಂಗಡ ಕೊಟ್ಟು ಬರೆದುಕೊಳ್ಳುತ್ತಾನೆ. ರೊಕ್ಕ ಗಂಡನ ಕೈಗೆ, ಕಬ್ಬಿನ ಹೊರೆ ಹೆಂಡತಿಯ ತಲೆಗೆ. ಜೋಡಿಯಾದರೆ ಮುಂಗಡ ಜಾಸ್ತಿ ಅಲ್ವಾ, ಅದಕ್ಕೇ ಶಾಲೆಗೆ ಹೋಗುವ ಹುಡುಗಿಯ ತಲೆಗೂ ಅಕ್ಕಿಕಾಳು ಬೀಳುತ್ತದೆ. ಮುಕಾದಮನಿಗೆ ಪದ್ಧತಿ, ಧರ್ಮ, ಸಾಕ್ಷರತೆ ಯಾವುದೂ ಅಡ್ಡ ಬರಲ್ಲ. ನೂರು ಪುಟದ ಒಂದು ನೋಟ್‌ಬುಕ್, ಕಿವಿಗೆ ಸಿಕ್ಕಿಸಿದ ಒಂದು ಪೆನ್ನು. ಒಂದು ಜೋಡಿಯೂ ತಪ್ಪಿಸಿಕೊಳ್ಳಲ್ಲ.

ಮುಂದಿನ ಸಲ ಜಿನೀವಾದಲ್ಲಿ ಆ ವಿಶ್ವಸಂಸ್ಥೆ ಒಪ್ಪಂದದ ಸಮಿತಿಯ ಮುಂದೆ ಉತ್ತರ ಕೊಡಲು ಅಧಿಕಾರಿಗಳ ಬದಲು ಅವನನ್ನೇ ಕಳಿಸಿ. ದೇಶ ದೊಡ್ಡದು ಅಂತ ಅವನು ಹೇಳಲ್ಲ. ವಿಮಾನ ಹತ್ತುವ ಮುಂಚೆ ಮುಂಗಡ ಕೇಳಿಯಾನು, ಅಷ್ಟೇ.