ಎಕೋ ಹಾಕ್ಲಾ ಸಾರ್?

ಕೋಲಾರದ ಕಡೆಯ ಮೈಕ್ ಸೆಟ್‌ನವರಿಗೆ ಎಕೋ ಇಲ್ಲದ ಧ್ವನಿ ಧ್ವನಿಯೇ ಅಲ್ಲ. ಮದುವೆ ಆರ್ಕೆಸ್ಟ್ರಾಗೆ ಎಕೋ, ರಾಜ್ಯೋತ್ಸವದ ಭಾಷಣಕ್ಕೆ ಎಕೋ. ಬಿಟ್ಟರೆ ಟೊಮೆಟೊ ಮಂಡಿಯ ಹರಾಜಿಗೂ ಹಾಕುತ್ತಾರೆ. ನಮ್ಮ ಚರ್ಚಿಗೆ ಬರುವ ಹುಡುಗನೂ ನನ್ನ ಗಿಟಾರಿಗೆ ಕೇಬಲ್ ಚುಚ್ಚುವ ಮೊದಲೇ ಕೇಳುತ್ತಾನೆ, "ಎಕೋ ಹಾಕ್ಲಾ ಸಾರ್?"

ಬೇಡಪ್ಪಾ, ಕಟ್ಟಿದವರೇ ಹಾಕಿ ಹೋಗಿದ್ದಾರೆ. ಕಲ್ಲಿನ ಗೋಡೆ, ಎತ್ತರದ ಚಾವಣಿ, ಕೆಳಗೆ ಕಡಪ ಕಲ್ಲು. ಮೈಕ್ ಇಲ್ಲದ ಕಾಲದಲ್ಲಿ ಇದೇ ಮೈಕು. ಎಲ್ಲರೂ ಸೇರಿ ನಿಧಾನಕ್ಕೆ ಹಾಡುವ ಹಳೇ ಗೀತೆಗಳಿಗೆ ಈ ಕಟ್ಟಡ ಹೇಳಿ ಮಾಡಿಸಿದ್ದು. ಗಿಟಾರ್ ಬಾರಿಸಿದರೆ ಮಾತ್ರ ಜಗಳ. ಜಿ ಕಾರ್ಡ್ ಅನ್ನುವ ಸ್ವರಗುಚ್ಛ ಮುಗಿಸಿ ನಾನು ಸಿ ಕಾರ್ಡಿಗೆ ಬಂದಿರುತ್ತೇನೆ, ಜಿ ಇನ್ನೂ ಚಾವಣಿಯಲ್ಲೇ ಸುತ್ತಾಡುತ್ತಿರುತ್ತದೆ.

ಶನಿವಾರ ಸಂಜೆ ಖಾಲಿ ಚರ್ಚಿನಲ್ಲಿ ಎಲ್ಲ ನಾಬ್ ತಿರುಗಿಸಿ, ಸೌಂಡ್ ಸೆಟ್ ಮಾಡಿ, ಯಾರೂ ಮುಟ್ಟಬಾರದು ಅಂತ ಟೇಪ್ ಅಂಟಿಸಿ ಹೋಗುತ್ತೇವೆ. ಭಾನುವಾರ ಬೆಳಗ್ಗೆ ಅದೇ ನಾಬು, ಅದೇ ಟೇಪು, ಗಿಟಾರ್ ಮಾತ್ರ ಕೇಳಿಸುವುದಿಲ್ಲ. ಯಾರೋ ಮುಟ್ಟಿದ್ದಾರೆ ಅಂತ ಸಂಡೇ ಸ್ಕೂಲ್ ಮಕ್ಕಳ ಮೇಲೆ ಅನುಮಾನ. ಪಾಪ, ಅವರು ಮುಟ್ಟಿಲ್ಲ. ಜನ ಬಂದು ಕೂತಿದ್ದಾರೆ, ಅಷ್ಟೇ. ಬಟ್ಟೆ ತೊಟ್ಟ ಮನುಷ್ಯ ಸದ್ದನ್ನು ಕುಡಿಯುತ್ತಾನೆ. ಹಾರ್ವರ್ಡ್‌ನ ವ್ಯಾಲೇಸ್ ಸೇಬಿನ್ ಅನ್ನುವ ಮೇಷ್ಟ್ರು 1895ರಿಂದ ಇದರ ಹಿಂದೆ ಬಿದ್ದಿದ್ದರು. ರಾತ್ರಿ ಹೊತ್ತು ಪಕ್ಕದ ಥಿಯೇಟರಿನ ಕುಶನ್ ಹೊತ್ತು ತಂದು ಗುಂಯ್‌ಗುಡುವ ಹಾಲ್‌ನಲ್ಲಿ ಹರಡಿ, ಸದ್ದು ಎಷ್ಟು ಹೊತ್ತಿಗೆ ಸಾಯುತ್ತದೆ ಅಂತ ಅಳೆದರು. ಒಬ್ಬ ಮನುಷ್ಯ ಸುಮಾರು ಆರು ಕುಶನ್‌ಗೆ ಸಮ ಅಂತ ಅವರ ಲೆಕ್ಕ. ರಾಗಿಮುದ್ದೆ ತಿಂದು ಬೆಳೆದ ನಮ್ಮ ಸಭೆಯವರು ಎಂಟಕ್ಕೆ ಕಡಿಮೆ ಇಲ್ಲ ಅಂತ ನನ್ನ ಲೆಕ್ಕ. ಕ್ರಿಸ್‌ಮಸ್ ದಿನ ಎಲ್ಲರೂ ಸ್ವೆಟರ್ ಹಾಕಿ ಬಂದರೆ ಕೇಳಲೇಬೇಡಿ.

ಸರಿ, ವಾಲ್ಯೂಮ್ ಏರಿಸೋಣ ಅಂದರೆ "ಊಂ..." ಅಂತ ಶುರು. ಸ್ಪೀಕರಿನಿಂದ ಹೊರಟ ಸದ್ದು ಗಿಟಾರಿನ ಹೊಟ್ಟೆಗೆ ಹೊಕ್ಕು, ಮಿಡಿತವನ್ನು ಕರೆಂಟ್ ಮಾಡುವ ಪಿಕಪ್ ಮೂಲಕ ಮತ್ತೆ ಸ್ಪೀಕರಿಗೇ ಬರುವ ಚಕ್ರ ಅದು. ಅಕೌಸ್ಟಿಕ್ ಗಿಟಾರಿನ ಟೊಳ್ಳು ಹೊಟ್ಟೆ ಸುಮಾರು 100 ಹರ್ಟ್ಜ್ (ಸೆಕೆಂಡಿಗೆ 100 ಮಿಡಿತ) ಹತ್ತಿರ ತಾನೇ ಮಿಡಿಯುತ್ತದೆ, ಅಲ್ಲೇ ಊಳಿಡುವುದು ಜಾಸ್ತಿ. ಇದಕ್ಕೆ ಬೇಸ್, ಅಂದರೆ ದಪ್ಪ ಸದ್ದು, ಇಳಿಸಬೇಕು, ಸ್ಪೀಕರನ್ನು ನನ್ನ ಮುಂದೆ ಇಡಬೇಕು, ಗಿಟಾರಿನ ತೂತಿಗೆ ರಬ್ಬರ್ ಮುಚ್ಚಳ ಹಾಕಬೇಕು. ಮುಚ್ಚಳ ಹಾಕಿದ ದಿನ ಹಿರಿಯರೊಬ್ಬರು ಬಂದು ಕಿವಿಯಲ್ಲಿ ಹೇಳಿದರು: "ತೂತು ಮುಚ್ಚಿಬಿಟ್ಟಿದ್ದೀಯಲ್ಲಪ್ಪಾ, ಅದಕ್ಕೇ ಹಿಂದಿನ ಬೆಂಚಿಗೆ ಕೇಳಿಸ್ತಿಲ್ಲ."

ಮುಂದಿನ ಬೆಂಚಿನವರದು ಬೇರೆ ದೂರು, ಕಿವಿ ಹೋಯಿತು ಅಂತ. ಅವರ ಮಾತು ನಿಜ. ಸ್ಪೀಕರ್ ಅವರ ಮುಖಕ್ಕೇ ಇರುತ್ತದೆ. ಅದನ್ನು ಕಿವಿಗಿಂತ ಮೇಲೆ ಎತ್ತಿ ಹಿಂದಿನವರ ಕಡೆ ಸ್ವಲ್ಪ ಬಾಗಿಸಿದರೆ ಎರಡೂ ಕಡೆ ಸಮಾಧಾನ. ಆದರೆ ಸ್ಟ್ಯಾಂಡಿಗೆ ಕಮಿಟಿ ಒಪ್ಪಬೇಕು, ಕಮಿಟಿ ಸೇರುವುದು ಮುಂದಿನ ತಿಂಗಳು.

ನೇರ ಸೌಂಡ್ ಮಿಕ್ಸರಿಗೆ ಚುಚ್ಚಿದಾಗ ನನ್ನ ಗಿಟಾರು ಡಬ್ಬಕ್ಕೆ ರಾಗಿ ಹಾಕಿ ಅಲ್ಲಾಡಿಸಿದ ಹಾಗೆ ಕೇಳುತ್ತಿತ್ತು. ತಂತಿ ಕೂರುವ ಬ್ರಿಜ್ ಪಟ್ಟಿಯ ಕೆಳಗಿನ, ಒತ್ತಡವನ್ನು ಕರೆಂಟ್ ಮಾಡುವ ಪೀಜೋ ಪಿಕಪ್‌ಗೆ ಮಿಕ್ಸರಿನ ಲೈನ್ ಇನ್‌ಪುಟ್ ಹೊಂದುವುದಿಲ್ಲ, ನಡುವೆ ಎರಡನ್ನೂ ಹೊಂದಿಸುವ ಡಿಐ ಬಾಕ್ಸ್ ಬೇಕು. ಅದನ್ನೂ ಕೊಂಡು ತಂದೆ. ಹುಡುಗ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದ, "ಇದರಲ್ಲಿ ಎಕೋ ಬರುತ್ತಾ?"

ಇನ್ನು ಕರೆಂಟಿನ ಕತೆ. ನಮ್ಮ ಜಿಲ್ಲೆಗೆ ಶಿವನಸಮುದ್ರದಿಂದ ಕರೆಂಟ್ ಬಂದಿದ್ದು 1902ರಲ್ಲಿ, ಕೆಜಿಎಫ್ ಗಣಿಗಳಿಗೆ. ಬೆಂಗಳೂರಿನ ಬೀದಿದೀಪಕ್ಕಿಂತ ಮೂರು ವರ್ಷ ಮೊದಲು. ಚಿನ್ನಕ್ಕಾಗಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದ ಜಿಲ್ಲೆ ಇದು. ಚರ್ಚಿನ ಹಿಂದೆ ಆಳೆತ್ತರದ ಅರ್ಥಿಂಗ್ ಗುಂಡಿ ತೋಡಲು ಮಾತ್ರ ಯಾರೂ ಸಿಗುವುದಿಲ್ಲ. ಹಾಗಾಗಿ ಎಲೆಕ್ಟ್ರಿಕ್ ಗಿಟಾರ್ ಬಾರಿಸುವ ನಮ್ಮ ತಮ್ಮ ತಂತಿಯಿಂದ ಕೈ ತೆಗೆದ ಕೂಡಲೇ ಗುಂಯ್ ಅನ್ನುತ್ತದೆ. ಪ್ರಾರ್ಥನೆ ಮುಗಿಯುವ ತನಕ ಅವನು ತಂತಿ ಹಿಡಿದೇ ನಿಂತಿರುತ್ತಾನೆ. ಎಷ್ಟು ಭಕ್ತಿ ನೋಡಿ ಅಂತ ಜನ ಮೆಚ್ಚುತ್ತಾರೆ.

ಈಸ್ಟರ್ ಹತ್ತಿರ ಬಂದರೆ ಫ್ಯಾನ್ ಶುರು. ದೊಡ್ಡ ಡಬ್ಬದ ಹಳೇ ರೆಗ್ಯುಲೇಟರುಗಳು ಬಿಸಿಯಾಗುತ್ತಿದ್ದವು, ಆದರೆ ತೆಪ್ಪಗಿದ್ದವು. ಯಾರೋ ಪುಣ್ಯಾತ್ಮರು ಬಣ್ಣದ ನಾಬಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ದಾನ ಮಾಡಿದರು. ಅದು ವೇಗ ಇಳಿಸುವುದೇ ಸೆಕೆಂಡಿಗೆ 100 ಸಲ ಕರೆಂಟನ್ನು ಕತ್ತರಿಸಿ. ಆ ಕತ್ತರಿ ಸದ್ದೆಲ್ಲ ತಮ್ಮನ ಗಿಟಾರಿನ ಸಿಂಗಲ್ ಕಾಯಿಲ್ (ಒಂದೇ ತಂತಿಸುರುಳಿಯ) ಪಿಕಪ್ಪಿನಲ್ಲಿ ಜುಯ್ ಅಂತ ಕೇಳುತ್ತದೆ. ಫ್ಯಾನ್ ಆರಿಸಿ ಅಂದರೆ ಸಭೆ ಒಪ್ಪಲಿಲ್ಲ. ಗಿಟಾರ್ ಆರಿಸಿ ಅಂದಿದ್ದರೆ ಒಮ್ಮತದಿಂದ ಒಪ್ಪುತ್ತಿದ್ದರೇನೋ.

ನಾಬನ್ನು ಪೂರ್ತಿ ತಿರುಗಿಸಿದರೆ ಕತ್ತರಿಸುವ ಕೆಲಸವೇ ಇರುವುದಿಲ್ಲ, ಜುಯ್ ಕೂಡ ನಿಲ್ಲುತ್ತದೆ. ಅದಕ್ಕೇ ಈಗ ಎಲ್ಲ ಫ್ಯಾನೂ ಫುಲ್ ಸ್ಪೀಡ್. ಗಿಟಾರ್ ಚೆನ್ನಾಗಿ ಕೇಳುತ್ತದೆ. ಹಾಡಿನ ಹಾಳೆ ಹಾರದಿರಲಿ ಅಂತ ಕ್ವಾಯರಿನವರು ಬಟ್ಟೆ ಕ್ಲಿಪ್ ತರುತ್ತಾರೆ. ಮುಂದಿನ ಬೆಂಚಿನ ಅಜ್ಜಿಯರು ಏಪ್ರಿಲ್ ತಿಂಗಳಲ್ಲಿ ಮಫ್ಲರ್ ಕಟ್ಟಿಕೊಂಡು ಬರುತ್ತಾರೆ, ಕಿವಿ ಪೂರ್ತಿ ಮುಚ್ಚಿ.